ದೊಂದಿಯಿಂದ ಡಿಜೆಯವರೆಗೆ: ಒಂದು ರಾತ್ರಿಗೆ ಎಷ್ಟು ಕರೆಂಟು?



ಕಾಪು, ಕಾರ್ಕಳದ ಕಡೆ ಮದುವೆಯ ಹಿಂದಿನ ದಿನದ ಮೆಹೆಂದಿ ರಾತ್ರಿಯನ್ನು ನೀವು ನೋಡಿರುತ್ತೀರಿ. ಅಂಗಳದಲ್ಲಿ ಡಿಜೆ, ಹಿತ್ತಿಲಲ್ಲಿ ಅಡುಗೆಯವರು, ಗೇಟಿನ ಹೊರಗೆ ಪಿಕಪ್ ಗಾಡಿಯ ಮೇಲೆ ಒಂದು ಜನರೇಟರ್. ಅದು ಎಷ್ಟು ಕೆವಿಎಯದ್ದು ಎಂದು ಮನೆಯವರನ್ನು ಕೇಳಿ. "ದೊಡ್ಡದೇ ತರಿಸಿದ್ದೇವೆ ಮಾರಾಯ್ರೆ" ಎನ್ನುತ್ತಾರೆ. ಇವತ್ತಿನ ಮಾತು ಆ 'ದೊಡ್ಡದು' ಅನ್ನುವುದರ ಬಗ್ಗೆ. ಒಂದು ರಾತ್ರಿಯ ಆಟಕ್ಕೆ ಎಷ್ಟು ಬೆಳಕು ಬೇಕು, ಅದಕ್ಕೆ ಎಷ್ಟು ಇಂಧನ ಬೇಕು ಎಂಬ ಲೆಕ್ಕ ನಮ್ಮ ಉಡುಪಿ ಜಿಲ್ಲೆಗೆ ಜನರೇಟರ್ ಬರುವುದಕ್ಕೆ ಎಷ್ಟೋ ಮೊದಲೇ ಇತ್ತು.

ಕೊಯ್ಲು ಮುಗಿದ ಗದ್ದೆಯಲ್ಲಿ ಯಕ್ಷಗಾನ ಬಯಲಾಟ ನಡೆಯುತ್ತಿದ್ದುದು ದೊಂದಿಯ ಬೆಳಕಿನಲ್ಲಿ. ರಂಗಸ್ಥಳದ ಎರಡು ಬದಿಯಲ್ಲಿ ದೊಂದಿ ಉರಿಯಬೇಕು, ಉರಿ ತಗ್ಗಿದಾಗ ಎಣ್ಣೆ ಹೊಯ್ಯಲು ಜನ ಬೇಕು. ಸಂಜೆಯ ಹೊತ್ತಿಗೇ ಎಣ್ಣೆ ಎಷ್ಟಿದೆ, ಬೆಳಗಿನ ಮಂಗಳದವರೆಗೆ ಮುಟ್ಟುತ್ತದೆಯೇ ಎಂದು ನೋಡಿಕೊಳ್ಳುವುದು ಆಟ ಆಡಿಸುವವರ ಜವಾಬ್ದಾರಿ. ಆ ಮಂಕು ಬೆಳಕಿಗೆ ತಕ್ಕಂತೆಯೇ ವೇಷವೂ ಇತ್ತು. ಮರದ ಕಿರೀಟಕ್ಕೆ ಅಂಟಿಸಿದ ಬೇಗಡೆ, ಮುಖಕ್ಕೆ ಬರೆದ ದಪ್ಪ ಕೆಂಪು, ಕಪ್ಪು, ಬಿಳಿ ಗೆರೆಗಳು ಅಲುಗಾಡುವ ಬೆಂಕಿಯ ಮುಂದೆಯೇ ಜೀವ ತಾಳುವಂಥವು. ರಕ್ಕಸ ಪಾತ್ರದ, ಅಂದರೆ ಬಣ್ಣದ ವೇಷದ ಪ್ರವೇಶಕ್ಕೆ ದೊಂದಿಯ ಮೇಲೆ ರಾಳದ ಪುಡಿ ಎರಚಿದರೆ ಬೆಂಕಿ ಭುಗ್ಗೆಂದು ಮೇಲೇಳುತ್ತಿತ್ತು. ಇಂದಿನ ಡಿಜೆ ಒಂದು ಗುಂಡಿ ಒತ್ತಿ ಮಾಡುವ ಕೆಲಸವನ್ನು ಅಂದು ಒಂದು ಹಿಡಿ ರಾಳ ಮಾಡುತ್ತಿತ್ತು.

ಆಮೇಲೆ ಬಂದದ್ದು ಗ್ಯಾಸ್‌ಲೈಟು. ಸೀಮೆಎಣ್ಣೆಗೆ ಗಾಳಿಯೊತ್ತಡ ಕೊಟ್ಟು, ಮ್ಯಾಂಟಲ್ ಎಂಬ ಬಲೆಯನ್ನು ಬೆಳ್ಳಗೆ ಉರಿಸುವ ಈ ದೀಪವನ್ನು ಪೆಟ್ರೋಮ್ಯಾಕ್ಸ್ ಎಂಬ ಹೆಸರಿನಲ್ಲಿ ಬರ್ಲಿನ್‌ನ ಕಂಪನಿಯೊಂದು 1910ರ ಆಸುಪಾಸಿನಲ್ಲಿ ಮಾರುಕಟ್ಟೆಗೆ ತಂದಿತು. ಕೆಲವು ದಶಕಗಳಲ್ಲಿ ಅದು ನಮ್ಮ ಮದುವೆ, ನೇಮ, ಜಾತ್ರೆ, ಆಟಗಳ ದೀಪವಾಯಿತು. ದಿಬ್ಬಣದಲ್ಲಿ ತಲೆಯ ಮೇಲೆ ಗ್ಯಾಸ್‌ಲೈಟು ಹೊತ್ತವರು ಮುಂದೆ, ಮದುಮಗ ಹಿಂದೆ. ಅಲ್ಲಿಯೂ ಲೆಕ್ಕ ಇತ್ತು. ಆಗಾಗ ಪಂಪು ಹೊಡೆಯಬೇಕು, ಮ್ಯಾಂಟಲ್ ಮುಟ್ಟಿದರೆ ಪುಡಿಯಾಗುವುದರಿಂದ ಹೆಚ್ಚಿಗೆ ಇಟ್ಟುಕೊಳ್ಳಬೇಕು. ಎಷ್ಟು ಲೈಟು ಎಂಬುದು ಅಂತಸ್ತಿನ ಪ್ರಶ್ನೆಯೂ ಆಯಿತು. ಒಂದು ಲೈಟಿನ ಬೆಳಕು ಹಲವು ದೊಂದಿಗೆ ಸಮವಾದರೂ ಯಾರೂ ಒಂದಕ್ಕೇ ನಿಲ್ಲಿಸಲಿಲ್ಲ. ಈ ಸ್ವಭಾವವನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಇತ್ತ ಕರ್ನಾಟಕದಲ್ಲಿ ವಿದ್ಯುತ್ತಿನ ಕತೆ ಬೇಗನೆ ಶುರುವಾಗಿತ್ತು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿಯಿತು, 1905ರಲ್ಲಿ ಬೆಂಗಳೂರಿನಲ್ಲಿ ಬೀದಿದೀಪ ಉರಿಯಿತು. ಆದರೆ ನಮ್ಮ ಕರಾವಳಿ ಆಗ ಮದ್ರಾಸ್ ಪ್ರಾಂತಕ್ಕೆ ಸೇರಿತ್ತು. ಪೇಟೆಗಳಿಗೆ ಕರೆಂಟು ಬಂದ ಎಷ್ಟೋ ವರ್ಷಗಳ ಬಳಿಕವೂ ಹಳ್ಳಿಯ ಬಯಲಿಗೆ ಕಂಬ ಬಂದಿರಲಿಲ್ಲ. ಕಂಬವಿಲ್ಲದ ಜಾಗಕ್ಕೆ ಕರೆಂಟು ಒಯ್ಯಬೇಕಾದರೆ ಎಂಜಿನ್ ಬೇಕು. ರುಡಾಲ್ಫ್ ಡೀಸೆಲ್ ಜರ್ಮನಿಯಲ್ಲಿ ತನ್ನ ಎಂಜಿನನ್ನು ಯಶಸ್ವಿಯಾಗಿ ಓಡಿಸಿ ತೋರಿಸಿದ್ದು 1897ರಲ್ಲಿ. ನಮ್ಮಲ್ಲಿ ಎಂಜಿನಿನ ಮಾತು ಬಂದರೆ ನೆನಪಾಗುವುದು ಕಿರ್ಲೋಸ್ಕರ್. 1888ರಲ್ಲಿ ಬೆಳಗಾವಿಯ ಒಂದು ಸೈಕಲ್ ಅಂಗಡಿಯಿಂದ ಆರಂಭವಾದ ಆ ಮನೆತನದ ಉದ್ಯಮ 1946ರಲ್ಲಿ ಎರಡು ಕಂಪನಿಗಳನ್ನು ಕಟ್ಟಿತು. ಪುಣೆಯಲ್ಲಿ ಡೀಸೆಲ್ ಎಂಜಿನಿನದ್ದು, ಬೆಂಗಳೂರಿನಲ್ಲಿ ವಿದ್ಯುತ್ ಯಂತ್ರಗಳದ್ದು. ಎಂಜಿನನ್ನೂ ಆಲ್ಟರ್ನೇಟರನ್ನೂ ಒಂದೇ ಚೌಕಟ್ಟಿನ ಮೇಲೆ ಜೋಡಿಸಿದರೆ ಜನರೇಟರ್ ಆಯಿತು.

ಇದನ್ನು ಊರೂರಿಗೆ ಹೊತ್ತವರಲ್ಲಿ ಯಕ್ಷಗಾನದ ಡೇರೆ ಮೇಳದವರು ಮುಖ್ಯರು. ಸ್ವಾತಂತ್ರ್ಯದ ಬಳಿಕ ಟಿಕೆಟ್ ಇಟ್ಟು ಆಟ ಆಡುವ ಪದ್ಧತಿ ಬಲಗೊಂಡಿತು. ಡೇರೆ, ಕುರ್ಚಿ, ವೇಷದ ಪೆಟ್ಟಿಗೆಗಳ ಜೊತೆ ಜನರೇಟರೂ ಲಾರಿ ಹತ್ತಿತು. ಟ್ಯೂಬ್‌ಲೈಟ್, ಮೈಕು, ಬಣ್ಣದ ಬೆಳಕು ಬಂದವು. ದೊಂದಿಗೆಂದು ಹುಟ್ಟಿದ ಬಣ್ಣಗಾರಿಕೆ ಬಿಳಿ ಬೆಳಕಿನಲ್ಲಿ ಸಪ್ಪೆಯಾಯಿತು ಎಂದು ಕಲೆ ಬಲ್ಲವರು ಕೊರಗಿದರು. ಕೊರಗು ನ್ಯಾಯವಾದದ್ದೇ. ಆದರೆ ಸಾವಿರಾರು ಜನ ಕೂತ ಡೇರೆಯ ಕೊನೆಯ ಸಾಲಿಗೂ ಭಾಗವತರ ಪದ ಕೇಳಿಸಿದ್ದು ಆ ಲಾರಿಯಿಂದಲೇ. ಇತ್ತ ಕಂಬಳದ ಗದ್ದೆಗೂ ದೊಡ್ಡ ದೀಪಗಳು ಬಂದು, ಹೊನಲು ಬೆಳಕಿನ ಕಂಬಳ ಎಂಬ ಮಾತು ಆಮಂತ್ರಣ ಪತ್ರಿಕೆಯ ಮೇಲೆ ಅಚ್ಚಾಯಿತು.

ಎಂಬತ್ತರ ದಶಕದಲ್ಲಿ ಎರಡು ಸಂಗತಿ ಒಟ್ಟಿಗೆ ಆದವು. ಹೊಂಡಾ, ಯಮಹಾ ಹೆಸರಿನ ಪುಟ್ಟ ಜನರೇಟರುಗಳು ಬಂದವು. ಪೆಟ್ರೋಲಿನಲ್ಲಿ ಸ್ಟಾರ್ಟ್ ಆಗಿ ಸೀಮೆಎಣ್ಣೆಯಲ್ಲಿ ಓಡುವ ಇವು ಅಂಗಡಿ, ಕ್ಲಿನಿಕ್, ಮೈಕ್‌ಸೆಟ್‌ನವರ ಮನೆ ಹೊಕ್ಕವು. ಜೊತೆಗೆ ಕ್ಯಾಸೆಟ್ಟೂ ಡಿಸ್ಕೋ ಹಾಡೂ ಬಂದವು. ಆರ್ಕೆಸ್ಟ್ರಾ, ಕ್ರೈಸ್ತರ ಮನೆಯಲ್ಲಿ ಮದುವೆಗೆ ಮುನ್ನ ನಡೆಯುವ ರೋಸ್, ಮಣಿಪಾಲದ ಕಾಲೇಜುಗಳ ಹಬ್ಬ, ಇಲ್ಲೆಲ್ಲ ಬಣ್ಣದ ದೀಪ ಕುಣಿಯಬೇಕಾಯಿತು. ಆಗಿನ ಪಾರ್‌ಕ್ಯಾನ್ ದೀಪ ಒಂದೊಂದೂ ಸಾವಿರ ವಾಟ್ ನುಂಗುತ್ತಿತ್ತು. ಹದಿನಾರು ಪಾರ್‌ಕ್ಯಾನ್ ಕಟ್ಟಿದರೆ ಅದೇ 16 ಕಿಲೋವಾಟ್. ಸೌಂಡು ಬೇರೆ. ಪುಟ್ಟ ಹೊಂಡಾದ ಕೈಯಲ್ಲಿ ಆಗದ ಕೆಲಸ, ದೊಡ್ಡ ಡೀಸೆಲ್ ಜನರೇಟರೇ ಬೇಕು.

ಈಗ ಎಲ್‌ಇಡಿ ಬಂದಿದೆ. ಅದೇ ಹದಿನಾರು ಪಾರ್‌ಗೆ ಸುಮಾರು 150 ವಾಟ್‌ನಂತೆ 2.4 ಕಿಲೋವಾಟ್ ಸಾಕು. ಹಾಗಾದರೆ ಜನರೇಟರ್ ಚಿಕ್ಕದಾಗಬೇಕಿತ್ತಲ್ಲ? ಆಗಲಿಲ್ಲ. ಉಳಿಸಿದ ವಾಟುಗಳನ್ನು ಎಲ್‌ಇಡಿ ಗೋಡೆಗೆ, ತಿರುಗುವ ಬೀಮ್ ಲೈಟಿಗೆ, ಎದೆ ನಡುಗಿಸುವ ಬೇಸ್ ಪೆಟ್ಟಿಗೆಗಳಿಗೆ ಕೊಟ್ಟುಬಿಟ್ಟೆವು. ಗ್ಯಾಸ್‌ಲೈಟಿನ ಕಾಲದಲ್ಲಿ ನಡೆದದ್ದೇ ಮತ್ತೆ ನಡೆಯಿತು. ಬೆಳಕು ಅಗ್ಗವಾದಾಗಲೆಲ್ಲ ನಾವು ಖರ್ಚು ಉಳಿಸಲಿಲ್ಲ, ಆಟವನ್ನು ಹಿಗ್ಗಿಸಿದೆವು.

ನಮ್ಮಲ್ಲಿ ಕರೆಂಟಿಗೇನು ಬರ ಎಂದು ನೀವು ಕೇಳಬಹುದು. ಹೊಸಂಗಡಿಯಲ್ಲಿ ವಾರಾಹಿ ಜಲವಿದ್ಯುತ್ ಇದೆ. ಕಾಪು ತಾಲೂಕಿನ ಎಲ್ಲೂರಿನಲ್ಲಿ 1200 ಮೆಗಾವಾಟ್‌ನ ಉಷ್ಣವಿದ್ಯುತ್ ಸ್ಥಾವರವೇ ಇದೆ. ಆದರೆ ಸ್ಥಾವರದ ಕರೆಂಟು ದೊಡ್ಡ ಲೈನು ಹತ್ತಿ ಹೋಗುತ್ತದೆ. ನಿಮ್ಮ ಓಣಿಗೆ ಸಿಗುವುದು ಮೂಲೆಯಲ್ಲಿರುವ ಟಿ.ಸಿ.ಯಿಂದ, ಅಂದರೆ ಟ್ರಾನ್ಸ್‌ಫಾರ್ಮರಿನಿಂದ. ಅದು 25 ಕೆವಿಎಯದ್ದಾದರೆ ಹತ್ತಾರು ಮನೆಯ ಫ್ಯಾನು, ಪಂಪುಗಳ ಮೇಲೆ ನಿಮ್ಮ 10 ಕಿಲೋವಾಟ್ ಹೇರಿದಾಗ ಎಲ್ಲರ ವೋಲ್ಟೇಜೂ ಕುಸಿಯುತ್ತದೆ. ಮೆಸ್ಕಾಂನಿಂದ ತಾತ್ಕಾಲಿಕ ಸಂಪರ್ಕ ಪಡೆಯಬಹುದು, ಪಡೆಯುವುದು ಒಳ್ಳೆಯದೂ ಹೌದು. ಆದರೆ ಕಾರ್ಕಳದ ಘಟ್ಟದ ಬುಡದಲ್ಲಿ ಗಾಳಿ, ಸಿಡಿಲಿಗೆ ಲೈನು ಯಾವಾಗ ಹೋಗುತ್ತದೋ ಹೇಳಲಾಗದು.

ಹಾಗಾದರೆ ಜನರೇಟರ್ ಎಷ್ಟು ದೊಡ್ಡದಿರಬೇಕು? ಒಂದು ಮೆಹೆಂದಿಯ ಲೆಕ್ಕ ಹಾಕೋಣ. ಎಲ್‌ಇಡಿ ಪಾರ್ 2.4 ಕಿಲೋವಾಟ್. ನಾಲ್ಕು ಬೀಮ್ ಲೈಟಿಗೆ 1.4. ಹೊಗೆಯ ಯಂತ್ರಕ್ಕೆ ಒಂದೂವರೆ. ಇದು ನೋಡಲು ಪುಟ್ಟದು, ಆದರೆ ಒಳಗೆ ಕಾಯಿಲ್ ಕಾಯಬೇಕು. ಅಂಗಳದ ದೀಪಕ್ಕೆ 1.2, ಮಿಕ್ಸರ್, ಲ್ಯಾಪ್‌ಟಾಪಿಗೆ ಅರ್ಧ. ಇನ್ನು ಸೌಂಡು. ಆಂಪ್ಲಿಫೈಯರಿನ ಮೇಲೆ ಹತ್ತು ಸಾವಿರ ವಾಟ್ ಎಂದು ಬರೆದಿದ್ದರೆ ಅದು ರಾತ್ರಿಯಿಡೀ ಅಷ್ಟನ್ನೇ ಎಳೆಯುವುದಿಲ್ಲ. ಹಾಡಿನಲ್ಲಿ ಪೆಟ್ಟು ಬಿದ್ದಾಗ ಏರಿ, ನಡುವೆ ಇಳಿಯುತ್ತದೆ. ಸರಾಸರಿ ಮೂರು ಕಿಲೋವಾಟ್ ಇಟ್ಟುಕೊಂಡರೆ ಸಾಮಾನ್ಯವಾಗಿ ಸಾಕು. ಒಟ್ಟು 10 ಕಿಲೋವಾಟ್.

ಇದು ಕಿಲೋವಾಟಿನ ಲೆಕ್ಕ, ಜನರೇಟರಿನ ಮೇಲೆ ಬರೆದಿರುವುದು ಕೆವಿಎ. ಕೆವಿಎಯಲ್ಲಿ ನಿಜವಾಗಿ ಕೆಲಸಕ್ಕೆ ಸಿಗುವ ಪಾಲನ್ನು, ಅಂದರೆ ಪವರ್ ಫ್ಯಾಕ್ಟರನ್ನು, ನಮ್ಮಲ್ಲಿ 0.8 ಎಂದು ಹಿಡಿಯುವ ರೂಢಿ. ಹತ್ತನ್ನು 0.8ರಿಂದ ಭಾಗಿಸಿದರೆ 12.5 ಕೆವಿಎ. ಯಂತ್ರವನ್ನು ಮುಕ್ಕಾಲು ಪಾಲಿಗಿಂತ ಹೆಚ್ಚು ದುಡಿಸದಿರುವುದು ಕ್ಷೇಮ. ಆಗ ಲೆಕ್ಕ ಹದಿನೇಳರ ಹತ್ತಿರ ನಿಲ್ಲುತ್ತದೆ. 20 ಕೆವಿಎ ಕೇಳಿ, ಸರಿಹೋಗುತ್ತದೆ. ಆದರೆ ಅಡುಗೆಯವರ ಗ್ರೈಂಡರನ್ನೂ ನೀರಿನ ಪಂಪನ್ನೂ ಅದೇ ಲೈನಿಗೆ ಕೊಡುವುದಾದರೆ ಮೊದಲೇ ಹೇಳಬೇಕು. ಒಂದು ಅಶ್ವಶಕ್ತಿಯ ಮೋಟರ್ ಓಡುವಾಗ ಒಂದು ಕಿಲೋವಾಟಿನಷ್ಟು ಎಳೆದರೂ ಶುರುವಾಗುವ ಕ್ಷಣದಲ್ಲಿ ಅದರ ಐದಾರು ಪಟ್ಟು ಕರೆಂಟು ಬೇಡುತ್ತದೆ. ಪಂಪು ಹಾಕಿದೊಡನೆ ಹಾಡು ಕುಗ್ಗಿ ದೀಪ ಮಿಣುಕುವುದು ಇದರಿಂದ.

20 ಕೆವಿಎಯ ಜನರೇಟರ್ ಮೂರು ಫೇಸಿನದ್ದಾದರೆ ಒಂದೊಂದು ಫೇಸಿಗೆ ಸಿಗುವುದು ಸುಮಾರು 28 ಆಂಪಿಯರ್. ಎಲ್ಲವನ್ನೂ ಒಂದೇ ಫೇಸಿಗೆ ಸಿಕ್ಕಿಸಿದರೆ ಮೆಷಿನ್ ದೊಡ್ಡದಿದ್ದರೂ ಟ್ರಿಪ್ ಆಗುತ್ತದೆ. ಅದಕ್ಕಿಂತ ಅಪಾಯ ನ್ಯೂಟ್ರಲ್ ಸಡಿಲವಾದಾಗ. 230 ವೋಲ್ಟ್ ಬೇಕಾದಲ್ಲಿ 400ರ ಹತ್ತಿರ ನುಗ್ಗಿ ಆಂಪ್ಲಿಫೈಯರ್ ಸುಟ್ಟುಹೋಗುತ್ತದೆ. ನೆಲಕ್ಕೆ ಅರ್ತ್ ರಾಡು ಹೊಡೆಯದೆ ಸ್ಟಾರ್ಟ್ ಮಾಡಲು ಬಿಡಬೇಡಿ. ಹೊಗೆ ಮನೆಯೊಳಗೆ, ಚಪ್ಪರದೊಳಗೆ ನುಗ್ಗದ ಕಡೆ ಗಾಡಿ ನಿಲ್ಲಿಸಿ. ಕಡಲ ಬದಿಯಲ್ಲಿ ರಾತ್ರಿ ಗಾಳಿಯ ದಿಕ್ಕು ಬದಲಾಗುತ್ತದೆ ಎಂಬುದೂ ನೆನಪಿರಲಿ.

ಹಾಗಿದ್ದರೆ 62 ಕೆವಿಎಯದ್ದನ್ನೇ ತಂದುಬಿಡುವ ಎನ್ನುವವರಿಗೆ ಒಂದು ಮಾತು. ಡೀಸೆಲ್ ಎಂಜಿನಿಗೆ ಹೊರೆ ಹೆಚ್ಚಾದರೆ ಹೇಗೆ ಕಷ್ಟವೋ ಕಡಿಮೆಯಾದರೂ ಹಾಗೆಯೇ. ಶೇಕಡ ಮೂವತ್ತಕ್ಕಿಂತ ಕಡಿಮೆ ಹೊರೆಯಲ್ಲಿ ಗಂಟೆಗಟ್ಟಲೆ ಓಡಿದರೆ ಎಂಜಿನ್ ಸರಿಯಾಗಿ ಕಾಯುವುದಿಲ್ಲ, ಡೀಸೆಲ್ ಪೂರ್ತಿ ಉರಿಯದೆ ಮಸಿ ಕಟ್ಟುತ್ತದೆ. ಮಾಲೀಕನ ಎಂಜಿನೂ ಹಾಳು, ನಿಮ್ಮ ಡೀಸೆಲೂ ಹಾಳು. ಸರಿಯಾದ ಗಾತ್ರದ್ದಾದರೆ 10 ಕಿಲೋವಾಟಿಗೆ ಗಂಟೆಗೆ ಹೆಚ್ಚು ಕಡಿಮೆ ಮೂರು ಲೀಟರ್ ಡೀಸೆಲ್ ಲೆಕ್ಕ ಹಿಡಿಯಬಹುದು.

ಸದ್ದಿಗೂ ಕಾನೂನಿದೆ. ಜನರೇಟರಿಗೆ ಕವಚ ಬಂದು ಅದು ಸೈಲೆಂಟ್ ಆದದ್ದು ಸರಕಾರದ ನಿಯಮದಿಂದ. ಒಂದು ಮೀಟರ್ ದೂರದಲ್ಲಿ ಅದರ ಸದ್ದು 75 ಡೆಸಿಬಲ್ ದಾಟಬಾರದು. ಅದು ನಿಯಮಕ್ಕೆ ತಲೆಬಾಗಿತು, ಡಿಜೆ ಇನ್ನೂ ಬಾಗಬೇಕಿದೆ. 2000ದ ಶಬ್ದಮಾಲಿನ್ಯ ನಿಯಮದಂತೆ ರಾತ್ರಿ ಹತ್ತರ ಬಳಿಕ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಬೆಳಗಿನವರೆಗೆ ಆಡುತ್ತಿದ್ದ ಯಕ್ಷಗಾನ ಮೇಳಗಳಲ್ಲೇ ಹಲವು ಈಗ ಕಾಲಮಿತಿಗೆ ಒಗ್ಗಿವೆ.

ಆದ್ದರಿಂದ ಮುಂದಿನ ಸಲ ಜನರೇಟರ್ ಹೇಳುವ ಮೊದಲು ಡಿಜೆಯವರಿಂದ ಒಂದು ಪಟ್ಟಿ ಕೇಳಿ. ಯಾವ ದೀಪ, ಯಾವ ಯಂತ್ರ, ಒಂದೇ ಹೊತ್ತಿಗೆ ಎಷ್ಟು ಉರಿಯುತ್ತವೆ, ಎಷ್ಟು ಗಂಟೆಯವರೆಗೆ ಎಂದು ಬರೆಸಿಕೊಳ್ಳಿ. ದೊಂದಿಯ ಎಣ್ಣೆ ಅಳೆದವರು ಸಂಜೆಯೇ ಕೇಳಿಕೊಳ್ಳುತ್ತಿದ್ದ ಪ್ರಶ್ನೆಗಳು ಇವೇ. ಅವರಿಗೆ ಎಣ್ಣೆ ದುಬಾರಿಯಾಗಿತ್ತು, ಅದಕ್ಕೆ ಕೇಳಿದರು. ನಮಗೆ ಅಗ್ಗವಾಗಿ ಕಾಣುವುದರಿಂದ ಕೇಳುವುದನ್ನು ಬಿಟ್ಟಿದ್ದೇವೆ. ಆ ಪಟ್ಟಿಯ ಕೆಳಗೆ ಮೊತ್ತ ಬರೆದಾಗ ಬಾಡಿಗೆಯೂ ಇಳಿದೀತು, ಎರಡು ಬೇಸ್ ಪೆಟ್ಟಿಗೆ ಬೇಡವೆಂದು ನಿಮಗೇ ಅನ್ನಿಸಲೂಬಹುದು.