ಜಾರಿದಾಗ ಮಾತ್ರ ಸವೆಯುವ ತಟ್ಟೆ

ಮಕ್ಕಳೇ, ಡೆಂಕಣಿಕೋಟೆಯಿಂದ ಅಂಚೆಟ್ಟಿಗೆ ಹೋಗುವ ರಸ್ತೆ ಕಾಡಿನ ನಡುವೆ ತಿರುವು ತಿರುವಾಗಿ ಸಾಗುತ್ತದೆ. ರಾಗಿ ಮೂಟೆ ಹೇರಿಕೊಂಡ ಹಳೆಯ ಪಿಕಪ್ ಗಾಡಿಯೊಂದು ಅಲ್ಲಿ ಏರು ಹತ್ತುತ್ತಿದೆ ಎಂದುಕೊಳ್ಳಿ. ಡ್ರೈವರ್ ಆಕ್ಸಿಲರೇಟರ್ ಒತ್ತಿದರೆ ಎಂಜಿನ್ ಜೋರಾಗಿ ಕೂಗುತ್ತದೆ, ಗಾಡಿಗೆ ಮಾತ್ರ ವೇಗ ಬರುವುದಿಲ್ಲ. ಜೊತೆಗೆ ಸುಟ್ಟ ವಾಸನೆ. ಗ್ಯಾರೇಜಿಗೆ ಬಂದು, “ಎಂಜಿನ್ ಕೂಗುತ್ತೆ, ಗಾಡಿ ಎಳೆಯಲ್ಲ ಅಣ್ಣಾ” ಎಂದರೆ ಸಾಕು, ಮೆಕ್ಯಾನಿಕ್ಕಿಗೆ ಅರ್ಥವಾಗುತ್ತದೆ: ಕ್ಲಚ್ ಪ್ಲೇಟ್ ಸವೆದಿದೆ.

ಕ್ಲಚ್ ಏಕೆ ಬೇಕು? ಗಾಡಿ ನಿಂತಿದ್ದರೂ ಎಂಜಿನ್ ನಿಮಿಷಕ್ಕೆ ಸುಮಾರು 800 ಸುತ್ತು ತಿರುಗುತ್ತಲೇ ಇರುತ್ತದೆ. ತಿರುಗುವ ಎಂಜಿನ್ನನ್ನು ನಿಂತ ಚಕ್ರಕ್ಕೆ ಒಮ್ಮೆಲೇ ಜೋಡಿಸಿದರೆ ಗಾಡಿ ಜಗ್ಗಿ, ಎಂಜಿನ್ ಆಫ್ ಆಗಿಬಿಡುತ್ತದೆ. ಅದಕ್ಕೇ ಎರಡರ ನಡುವೆ ಮೆಲ್ಲಗೆ ಹಿಡಿದು, ಬೇಕೆಂದಾಗ ಬಿಡುವ ಒಂದು ಏರ್ಪಾಡು ಬೇಕು.

ಎಂಜಿನ್ನಿನ ತುದಿಯಲ್ಲಿ ಫ್ಲೈವೀಲ್ ಎಂಬ ಭಾರವಾದ ಚಕ್ರವಿದೆ. ಅದರ ಎದುರು ಕ್ಲಚ್ ಪ್ಲೇಟ್ ಎಂಬ ದುಂಡನೆಯ ತಟ್ಟೆ. ತಟ್ಟೆಯ ಎರಡೂ ಮುಖಕ್ಕೆ ಒರಟಾದ ಲೈನಿಂಗನ್ನು ರಿವೆಟ್ ಹೊಡೆದು ಕೂರಿಸಿರುತ್ತಾರೆ. ತಟ್ಟೆಯ ಹಿಂದಿರುವ ಪ್ರೆಷರ್ ಪ್ಲೇಟ್ ಬಲವಾದ ಸ್ಪ್ರಿಂಗಿನಿಂದ ಅದನ್ನು ಫ್ಲೈವೀಲಿಗೆ ಅದುಮಿ ಹಿಡಿಯುತ್ತದೆ. ಪೆಡಲ್ ತುಳಿದರೆ ಈ ಒತ್ತು ಸಡಿಲವಾಗಿ ತಟ್ಟೆ ಬಿಡಿಯಾಗುತ್ತದೆ. ಕಾಲು ಎತ್ತಿದರೆ ಮತ್ತೆ ಒತ್ತಿಕೊಳ್ಳುತ್ತದೆ. ಮೂಟೆ ಹೊತ್ತ ಗಾಡಿಯನ್ನು ಹೊರಡಿಸುವುದು ಈ ಮುಖಗಳ ನಡುವಿನ ಘರ್ಷಣೆಯೇ.

ಘರ್ಷಣೆಯಿದ್ದಲ್ಲೆಲ್ಲ ಸವೆತ ಇರಲೇಬೇಕೇ? ನಿಮ್ಮ ಎರಡೂ ಅಂಗೈಗಳನ್ನು ಬಲವಾಗಿ ಒತ್ತಿ ಹಿಡಿಯಿರಿ, ಆದರೆ ಉಜ್ಜಬೇಡಿ. ಹಿಡಿತ ಗಟ್ಟಿಯಾಗಿದೆ, ಉಜ್ಜಿದ ಬಿಸಿ ಮಾತ್ರ ಇಲ್ಲ. ಈಗ ಉಜ್ಜಿ ನೋಡಿ, ಕೂಡಲೇ ಬಿಸಿ! ಕ್ಲಚ್ಚಿನ ಗುಟ್ಟೂ ಇದೇ. ಪೂರ್ತಿ ಹಿಡಿದಾಗ ತಟ್ಟೆಯೂ ಫ್ಲೈವೀಲೂ ಒಂದೇ ವೇಗದಲ್ಲಿ ತಿರುಗುತ್ತವೆ, ಆಗ ಸವೆತವಿಲ್ಲ. ಪೂರ್ತಿ ಬಿಟ್ಟಾಗ ಒಂದಕ್ಕೊಂದು ತಾಗುವುದೇ ಇಲ್ಲ, ಆಗಲೂ ಸವೆತವಿಲ್ಲ. ಸವೆಯುವುದು ಇವೆರಡರ ನಡುವೆ, ತಟ್ಟೆ ಅರೆಬರೆ ಹಿಡಿದು ಜಾರುತ್ತಾ ಉಜ್ಜಿ ಬಿಸಿಯಾಗುವ, ಡ್ರೈವರುಗಳು ‘ಹಾಫ್ ಕ್ಲಚ್’ ಎನ್ನುವ ಸ್ಥಿತಿಯಲ್ಲಿ.

ಆ ಬಿಸಿ ಎಷ್ಟಿರುತ್ತದೆ? 2000 ಕಿಲೋ ತೂಕದ ಗಾಡಿ ಸಮತಟ್ಟಾದ ರಸ್ತೆಯಲ್ಲಿ ಹೊರಟು ಗಂಟೆಗೆ 11 ಕಿಲೋಮೀಟರ್ ವೇಗ ಪಡೆಯುವಷ್ಟರಲ್ಲಿ ಕ್ಲಚ್ಚಿನಲ್ಲಿ ಸುಮಾರು 9000 ಜೂಲ್ ಶಾಖ ಹುಟ್ಟುತ್ತದೆ. 100 ಮಿಲಿಲೀಟರ್ ನೀರನ್ನು 20 ಡಿಗ್ರಿಗಿಂತ ಹೆಚ್ಚು ಬಿಸಿ ಮಾಡಲು ಅಷ್ಟು ಸಾಕು. ಭಾರ ಹೇರಿಕೊಂಡು ಏರಿನಲ್ಲಿ ಹೊರಟರೆ ಶಾಖ ಇನ್ನೂ ಹೆಚ್ಚು.

ವರ್ಷಗಳು ಕಳೆದಂತೆ ಲೈನಿಂಗ್ ತೆಳುವಾಗುತ್ತದೆ. ಮಿತಿ ಮೀರಿದರೆ ಸ್ಪ್ರಿಂಗಿನ ಒತ್ತು ಸಾಲದೆ ತಟ್ಟೆ ಜಾರುತ್ತದೆ. ಜಾರಿದಷ್ಟೂ ಬಿಸಿ, ಬಿಸಿಯಾದಷ್ಟೂ ಸವೆತ. ಹಾಗೆಯೇ ಓಡಿಸಿದರೆ ರಿವೆಟ್ಟುಗಳು ಮೇಲೆದ್ದು ಫ್ಲೈವೀಲನ್ನೂ ಗೀರುತ್ತವೆ.

ಬದಲಿಸುವುದು ಸಣ್ಣ ಕೆಲಸವಲ್ಲ. ತಟ್ಟೆ ಇರುವುದು ಎಂಜಿನ್ನಿಗೂ ಗೇರ್ ಬಾಕ್ಸಿಗೂ ನಡುವೆ. ಆದ್ದರಿಂದ ಗಾಡಿಯನ್ನು ಭದ್ರವಾಗಿ ಎತ್ತಿ ನಿಲ್ಲಿಸಿ, ಗೇರ್ ಬಾಕ್ಸನ್ನೇ ಇಳಿಸಬೇಕು. ಪ್ರೆಷರ್ ಪ್ಲೇಟಿನ ಬೋಲ್ಟುಗಳನ್ನು ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ ಸಡಿಲಿಸುತ್ತಾರೆ. ಒಂದೇ ಕಡೆ ಬಿಚ್ಚಿದರೆ ಅದು ಸೊಟ್ಟಗಾದೀತು. ಹಳೆಯ ಲೈನಿಂಗುಗಳಲ್ಲಿ ಶ್ವಾಸಕೋಶಕ್ಕೆ ಅಪಾಯಕಾರಿಯಾದ ಆಸ್‌ಬೆಸ್ಟಾಸ್ ಇರಬಹುದು. ಹಾಗಾಗಿ ಅಲ್ಲಿನ ಧೂಳನ್ನು ಊದಬಾರದು, ಒದ್ದೆ ಬಟ್ಟೆಯಿಂದ ಒರೆಸಬೇಕು.

ಹೊಸ ತಟ್ಟೆಯನ್ನು ನಟ್ಟನಡುವೆ ಕೂರಿಸಲು ಅನೇಕ ಮೆಕ್ಯಾನಿಕ್ಕುಗಳು ಹಳೆಯ ಗೇರ್ ಶಾಫ್ಟನ್ನೇ ತೂರಿಸಿ ಅಳತೆ ನೋಡುತ್ತಾರೆ. ನಡು ತಪ್ಪಿದರೆ ಗೇರ್ ಬಾಕ್ಸ್ ಮತ್ತೆ ಒಳಗೆ ಕೂರುವುದಿಲ್ಲ. ಲೈನಿಂಗಿಗೆ ಎಣ್ಣೆ, ಗ್ರೀಸು ತಾಗಬಾರದು. ತಾಗಿದರೆ ಘರ್ಷಣೆ ಕುಗ್ಗಿ ಹೊಸ ತಟ್ಟೆಯೂ ಜಾರುತ್ತದೆ. ಪೆಡಲ್ ತುಳಿದಾಗ ಸ್ಪ್ರಿಂಗನ್ನು ಒತ್ತುವ ರಿಲೀಸ್ ಬೇರಿಂಗನ್ನೂ ಜೊತೆಗೇ ಬದಲಿಸುತ್ತಾರೆ. ಅದೊಂದು ಕೆಟ್ಟರೂ ಗೇರ್ ಬಾಕ್ಸನ್ನು ಮತ್ತೊಮ್ಮೆ ಇಳಿಸಬೇಕಲ್ಲವೇ?

ಇನ್ನು ಮೇಲೆ ಬಸ್ಸಿನ ಮುಂದಿನ ಸೀಟು ಸಿಕ್ಕರೆ ಡ್ರೈವರಣ್ಣನ ಎಡಗಾಲನ್ನು ಗಮನಿಸಿ. ಜಾಣ ಡ್ರೈವರ್ ಗೇರ್ ಹಾಕಿ ಹೊರಟ ಕೂಡಲೇ ಕಾಲನ್ನು ಪೆಡಲಿನಿಂದ ಪೂರ್ತಿ ತೆಗೆಯುತ್ತಾನೆ. ಏರಿನಲ್ಲಿ ನಿಲ್ಲಬೇಕಾದಾಗ ಹಾಫ್ ಕ್ಲಚ್ಚಿನಲ್ಲಿ ಗಾಡಿ ತಡೆಯದೆ ಬ್ರೇಕ್ ಹಾಕುತ್ತಾನೆ. ಜಾರುವ ಹೊತ್ತು ಕಡಿಮೆಯಾದಷ್ಟೂ ತಟ್ಟೆಯ ಬಾಳಿಕೆ ಹೆಚ್ಚು.