ಮುಂಬೈಯಲ್ಲಿ ಅಜ್ಜಯ್ಯನ ವಿಳಾಸ

ಮುಂಬೈ ನೋಡಿ ಬಂದವರನ್ನು ಏನೇನು ನೋಡಿದಿರಿ ಎಂದು ವಿಚಾರಿಸಿ. ಗೇಟ್‌ವೇ ಆಫ್ ಇಂಡಿಯಾ, ಮರೀನ್ ಡ್ರೈವ್, ಸಿದ್ಧಿವಿನಾಯಕ, ಮಹಾಲಕ್ಷ್ಮಿ, ಹಾಜಿ ಅಲಿ, ಸಮಯ ಉಳಿದರೆ ಎಲಿಫೆಂಟಾ. ಪಟ್ಟಿ ಹೆಚ್ಚುಕಡಿಮೆ ಎಲ್ಲರದೂ ಒಂದೇ. ಆದರೆ ನಮ್ಮ ಕರಾವಳಿಯ ಎಷ್ಟೋ ಮನೆಗಳ ಮಟ್ಟಿಗೆ ಈ ಪಟ್ಟಿಯಲ್ಲಿ ಒಂದು ಜಾಗ ಬಿಟ್ಟುಹೋಗಿರುತ್ತದೆ. ಅದು ಆ ಮನೆಯ ಅಜ್ಜನೋ ದೊಡ್ಡಪ್ಪನೋ ಮೀಸೆ ಮೂಡುವ ಮೊದಲೇ ಬಂದಿಳಿದು, ದುಡಿದು, ಮಲಗಿ ಎದ್ದ ಜಾಗ.

ಮನೆತನ ಎಂದೊಡನೆ ನಮ್ಮ ಕಣ್ಣು ಊರ ಕಡೆಗೇ ಹೊರಳುತ್ತದೆ. ಮೂಲಮನೆ, ದೈವದ ಗುಡಿ, ನಾಗಬನ. ಮನೆತನದ ಮೂಲನಾಗ ಎಲ್ಲಿದ್ದಾನೆಂದು ತಿಳಿಯಲು ಜ್ಯೋತಿಷಿಗಳಿಂದ ಅಷ್ಟಮಂಗಲ ಪ್ರಶ್ನೆ ಇಡಿಸುವವರಿದ್ದಾರೆ. ಪೊದೆ ಸವರಿ, ಹಳೆಯ ಕಲ್ಲು ಹುಡುಕಿ, ಜೀರ್ಣೋದ್ಧಾರ ಮಾಡುವವರಿದ್ದಾರೆ. ಅದು ತಪ್ಪಲ್ಲ. ಆದರೆ ಏಳು ತಲೆಮಾರಿನ ಹಿಂದಿನ ನಾಗನ ಕಲ್ಲು ಹುಡುಕುವ ನಾವು, ಎರಡೇ ತಲೆಮಾರಿನ ಹಿಂದೆ ನಮ್ಮ ಮನೆಯ ಹುಡುಗನೊಬ್ಬ ಯಾವ ಬೀದಿಯಲ್ಲಿ ಲೋಟ ತೊಳೆದ ಎಂದು ಕೇಳುವುದಿಲ್ಲ. ಮೂಲಮನೆಯ ಮಾಡಿಗೆ ಹಂಚು ಬಂದದ್ದು, ಅತ್ತೆಯರ ಮದುವೆ ನಡೆದದ್ದು, ಅಪ್ಪ ಶಾಲೆಗೆ ಹೋದದ್ದು ಆ ಹುಡುಗ ಕಳಿಸಿದ ಮನಿಯಾರ್ಡರಿನಿಂದ.

ಇಂಥ ಹುಡುಗರೆಲ್ಲ ಮುಂಬೈಗೆ ಯಾಕೆ ಹೋದರು? ಗೇಣಿಗೆ ಮಾಡಿದ ಗದ್ದೆ ತುಂಬಿದ ಮನೆಯ ಹೊಟ್ಟೆಗೆ ಸಾಲುತ್ತಿರಲಿಲ್ಲ. ಹೇಗೆ ಹೋದರು? ಕೊಂಕಣ ರೈಲು ಉದ್ದಕ್ಕೂ ಓಡತೊಡಗಿದ್ದು 1998ರಲ್ಲಿ. ಅದಕ್ಕೆ ಬಹಳ ಹಿಂದೆ ಹೆಚ್ಚಿನವರಿಗೆ ಕರಾವಳಿಗುಂಟ ಸಾಗುತ್ತಿದ್ದ ಹಡಗೇ ಗತಿ. ಮಳೆಗಾಲದಲ್ಲಿ ಅದೂ ಇಲ್ಲ. ಊರಿನವರೊಬ್ಬರು ಅಲ್ಲಿದ್ದಾರೆ ಎಂಬ ಒಂದು ಹೆಸರು, ಒಂದು ವಿಳಾಸ, ತಗಡಿನ ಪೆಟ್ಟಿಗೆ. ಇಷ್ಟೇ ಬಂಡವಾಳ. ಹೋಟೆಲಿನಲ್ಲಿ ಮೊದಲು ಎಂಜಲು ಎತ್ತುವ ಕ್ಲೀನರ್, ಆಮೇಲೆ ಸಪ್ಲಯರ್, ಕೈಗುಣವಿದ್ದರೆ ಅಡುಗೆಮನೆ, ಅದೃಷ್ಟವಿದ್ದರೆ ಗಲ್ಲಾ. ಎ. ರಾಮ ನಾಯಕರಂಥವರು ಅಡುಗೆಮನೆಯಿಂದಲೇ ಮೇಲೆ ಬಂದು 1942ರಲ್ಲಿ ಮಾಟುಂಗಾ ಸ್ಟೇಷನ್ನಿನ ಬಳಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದರು. ಬಾಳೆಎಲೆಯ ಊಟ ಅಲ್ಲಿ ಇಂದಿಗೂ ಪ್ರಸಿದ್ಧ. ಆದರೆ ಒಬ್ಬ ರಾಮ ನಾಯಕರ ಹಿಂದೆ, ಗಲ್ಲಾದ ಕುರ್ಚಿಯವರೆಗೆ ತಲುಪದೆಯೇ ಊರಿಗೆ ಮರಳಿದ ಸಾವಿರಾರು ಮಂದಿ ಇದ್ದಾರೆ. ನಮ್ಮಲ್ಲಿ ಹೆಚ್ಚಿನವರ ಅಜ್ಜಂದಿರು ಆ ಸಾವಿರಾರು ಮಂದಿಯಲ್ಲಿ ಸೇರಿದವರು.

ನನ್ನ ಅಜ್ಜಯ್ಯನೂ ಹಾಗೆಯೇ. ಮನೆಯಲ್ಲಿ ಮಾತ್ರ ಅವರ ಬಗ್ಗೆ ಬೇರೆಯೇ ಮಾತಿತ್ತು: ‘ಅಜ್ಜಯ್ಯನದು ಬೊಂಬಾಯಿಯಲ್ಲಿ ಹೋಟೆಲಿತ್ತು.’ ಅವರ ಪೆಟ್ಟಿಗೆಯಲ್ಲಿ ಸಿಕ್ಕಿದ ಮನಿಯಾರ್ಡರಿನ ತುಂಡು ಕಾಗದಗಳು ಇನ್ನೊಂದು ಕತೆ ಹೇಳುತ್ತಿದ್ದವು. ಮೊತ್ತ ಪ್ರತಿ ಸಲವೂ ಸಣ್ಣದು, ಬರಹ ಎರಡೇ ಸಾಲು. ಕಳಿಸಿದವರ ವಿಳಾಸದಲ್ಲಿ ಅವರ ಹೆಸರಿನ ಕೆಳಗೆ ‘ಕೇರಾಫ್’ ಎಂದು ಇನ್ನೊಬ್ಬರ ಹೆಸರು. ಹೋಟೆಲಿನ ಧನಿ ‘ಕೇರಾಫ್’ ಹಾಕಿಕೊಳ್ಳುವುದಿಲ್ಲವಲ್ಲ!

ಮದುವೆಯೊಂದಕ್ಕೆ ಮುಂಬೈಗೆ ಹೋದಾಗ ಆ ಕಾಗದದಲ್ಲಿದ್ದ ವಿಳಾಸ ಹಿಡಿದು ಮಾಟುಂಗಾಕ್ಕೆ ಹೋದೆ. ಬೆಳಗಿನ ಲೋಕಲ್ ರೈಲು ನಮ್ಮನ್ನು ಇಳಿಸುವುದಿಲ್ಲ, ಹೊರಗೆ ದಬ್ಬುತ್ತದೆ. ಸ್ಟೇಷನ್ನಿನಿಂದಾಚೆ ಹೂವಿನ ಅಂಗಡಿ, ಬಾಳೆಎಲೆಯ ಕಟ್ಟು, ಫಿಲ್ಟರ್ ಕಾಫಿಯ ಪರಿಮಳ. ಹೋಟೆಲಿನ ಬೋರ್ಡು ನೋಡಿ ಧನಿಯ ಊರು ಊಹಿಸುವಂತಿಲ್ಲ. ಕಿಂಗ್ಸ್ ಸರ್ಕಲ್ಲಿನ ಕೆಫೆ ಮದ್ರಾಸ್ ಶುರು ಮಾಡಿದವರು ಉಡುಪಿ ಕಡೆಯ ಕಾಮತರು. ಹಳೆಯ ವಿಳಾಸವನ್ನು ನಂಬಿ ನಡೆಯುವುದೂ ಕಷ್ಟ. ಈ ನಗರದಲ್ಲಿ ರಸ್ತೆಗಳ ಹೆಸರುಗಳು ಬದಲಾಗಿವೆ. ಲ್ಯಾಮಿಂಗ್ಟನ್ ರೋಡು ಸರ್ಕಾರಿ ದಾಖಲೆಯಲ್ಲಿ ಡಾಕ್ಟರ್ ಭಡಕಮ್‌ಕರ್ ಮಾರ್ಗ. ಅದೃಷ್ಟಕ್ಕೆ ಜನರ ಬಾಯಲ್ಲಿ ಹಳೆಯ ಹೆಸರುಗಳೇ ಇನ್ನೂ ಓಡಾಡುತ್ತವೆ.

ನಾನು ಹುಡುಕಿದ ಹೋಟೆಲು ಇರಲಿಲ್ಲ. ಆ ಜಾಗದಲ್ಲಿ ಮೊಬೈಲ್ ಅಂಗಡಿ ಇತ್ತು. ಪಕ್ಕದ ಹೋಟೆಲಿನ ಗಲ್ಲಾದಲ್ಲಿದ್ದ ಹಿರಿಯರು ನನ್ನ ಮಾತಿನ ಧಾಟಿ ಕೇಳಿಯೇ ತಲೆ ಎತ್ತಿದರು. “ನಿಮ್ಗೆ ಊರು ಎಲ್ಲಾಯ್ತು?” ಎಂದರು. ಹೇಳಿದೆ. “ಹಾಗಾದ್ರೆ ಕೂತ್ಕೊಳ್ಳಿ ಮಾರಾಯ್ರೆ, ಮೊದ್ಲು ಕಾಫಿ ಕುಡೀರಿ.”

ಅಜ್ಜಯ್ಯನ ಹೆಸರು ಅವರಿಗೆ ಗೊತ್ತಿರಲಿಲ್ಲ. ಆದರೆ ಅಜ್ಜಯ್ಯನ ದಿನ ಹೇಗಿತ್ತೆಂಬುದು ಅಂಗೈಯಷ್ಟು ಗೊತ್ತಿತ್ತು. ಬೆಳಕು ಹರಿಯುವ ಮೊದಲೇ ರುಬ್ಬಲು ಕೂರುವುದು. ರಾತ್ರಿ ಕೊನೆಯ ಗಿರಾಕಿ ಹೋದಮೇಲೆ ಮೇಜುಗಳನ್ನು ಒರೆಸಿ, ಜೋಡಿಸಿ, ಅದರ ಮೇಲೆಯೇ ಮಲಗುವುದು. ಮನಿಯಾರ್ಡರು ಕಳಿಸಿ ಉಳಿದ ಸಂಬಳವನ್ನು ಧನಿಯ ಹತ್ತಿರವೇ ಬಿಟ್ಟು, ಊರಿಗೆ ಹೊರಟಾಗ ಒಟ್ಟಿಗೆ ತೆಗೆದುಕೊಳ್ಳುವುದು. ಊರಿನಿಂದ ಯಕ್ಷಗಾನದ ಮೇಳ ಬಂದರೆ ನಿದ್ದೆಗೆಟ್ಟು ನೋಡಿ, ಅದೇ ಕಣ್ಣಲ್ಲಿ ಮತ್ತೆ ಕೆಲಸಕ್ಕೆ ನಿಲ್ಲುವುದು. ಕೆಲವು ಹುಡುಗರು ಎಂಜಲು ಲೋಟದ ಕೆಲಸ ಮುಗಿಸಿ, ಅಂಗಿ ಬದಲಾಯಿಸಿ, ರಾತ್ರಿ ಶಾಲೆಗೆ ಓಡುತ್ತಿದ್ದರು. ಅವರಲ್ಲಿ ಮೆಟ್ರಿಕ್ ಪಾಸಾಗಿ ಬ್ಯಾಂಕು, ಕಚೇರಿ ಸೇರಿದವರಿದ್ದಾರೆ.

ಆ ರಾತ್ರಿ ಶಾಲೆಗಳನ್ನು ಕಟ್ಟಿದವರು ಬೇರೆ ಯಾರೂ ಅಲ್ಲ, ಮೊದಲು ಬಂದು ನೆಲೆ ಕಂಡವರು. ಅವರು ಸಂಘಗಳನ್ನೂ ಕಟ್ಟಿದರು. ಮೊಗವೀರ ವ್ಯವಸ್ಥಾಪಕ ಮಂಡಳಿ ಹುಟ್ಟಿದ್ದು 1902ರಲ್ಲಿ. ಮಾಟುಂಗಾದ ಮೈಸೂರು ಅಸೋಸಿಯೇಷನ್ 1926ರದ್ದು, ಬಂಟರ ಸಂಘ 1927ರದ್ದು, ಬಿಲ್ಲವರ ಅಸೋಸಿಯೇಷನ್ 1932ರದ್ದು. ಕರ್ನಾಟಕ ರಾಜ್ಯ ಏಕೀಕರಣವಾಗುವ ಎಷ್ಟೋ ವರ್ಷ ಮೊದಲೇ ಮುಂಬೈಯಲ್ಲಿ ಕನ್ನಡ ನಾಡಿನವರು ಒಟ್ಟು ಸೇರುವ ಮನೆಗಳಿದ್ದವು. ಹಿರಿಯರ ಜಾಡು ಹುಡುಕುವವರು ಇಂಥ ಕಡೆ ಅರ್ಧ ದಿನ ಕಳೆಯಬೇಕು. ಹಳೆಯ ಸ್ಮರಣ ಸಂಚಿಕೆಯ ಒಂದು ಗುಂಪು ಫೋಟೋ ನಮ್ಮ ಮನೆಯ ಗೋಡೆಯಲ್ಲಿಲ್ಲದ ಮುಖವನ್ನು ತೋರಿಸಬಹುದು. ಕಾಗದಪತ್ರ ಏನೂ ಉಳಿಯದವರಿಗೆ ಸಾಹಿತ್ಯವಿದೆ. ಯಶವಂತ ಚಿತ್ತಾಲರ ‘ಶಿಕಾರಿ’, ವ್ಯಾಸರಾಯ ಬಲ್ಲಾಳರ ‘ಬಂಡಾಯ’, ಜಯಂತ ಕಾಯ್ಕಿಣಿಯವರ ಕತೆಗಳು ನಮ್ಮವರು ಬಾಳಿದ ಆ ನಗರವನ್ನು ಒಳಗಿನಿಂದ ಕಂಡಿವೆ.

ಇದು ಕರಾವಳಿಯವರ ಹೋಟೆಲಿನ ಕತೆ ಮಾತ್ರವಲ್ಲ. ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯಿಂದ ಬರಗಾಲಕ್ಕೆ ಗುಳೆ ಎದ್ದು ಹೋದವರು ಅದೇ ಮುಂಬೈಯಲ್ಲಿ ಇಟ್ಟಿಗೆ ಹೊತ್ತರು, ಕಾಂಕ್ರೀಟು ಕಲಸಿದರು. ಅವರ ಮೊಮ್ಮಕ್ಕಳಿಗೆ ವಿಳಾಸದ ಚೀಟಿಯೂ ಸಿಗುವುದಿಲ್ಲ, ಏಕೆಂದರೆ ಕಟ್ಟಡ ಎದ್ದ ಕೂಡಲೇ ಅವರ ಜೋಪಡಿ ಅಲ್ಲಿಂದ ಏಳುತ್ತಿತ್ತು. ಆ ಮೊಮ್ಮಕ್ಕಳು ಹುಡುಕುವುದಾದರೆ ಕಟ್ಟಡಗಳನ್ನೇ ನೋಡಬೇಕು. ಅವುಗಳ ಮೇಲೆ ಅಜ್ಜಿಯ ಹೆಸರಿಲ್ಲ, ಅಜ್ಜಿಯ ದುಡಿಮೆ ಇದೆ.

ಹುಡುಕಲು ಕಾಲವೂ ಹೆಚ್ಚಿಲ್ಲ. 1920ರ ದಶಕದಲ್ಲಿ ಸರ್ಕಾರ ಕಟ್ಟಿಸಿದ ಬಿ.ಡಿ.ಡಿ. ಚಾಳುಗಳಲ್ಲಿ 160 ಚದರ ಅಡಿಯ ಒಂದೊಂದು ಕೋಣೆಯಲ್ಲಿ ಒಂದೊಂದು ಸಂಸಾರ ಬೆಳೆದಿದೆ. ಅವು ಈಗ ಉರುಳುತ್ತಿವೆ, ಆ ಜಾಗದಲ್ಲಿ ಗಗನಚುಂಬಿಗಳು ಏಳುತ್ತಿವೆ. ಅಲ್ಲಿದ್ದವರಿಗೆ ಒಳ್ಳೆಯ ಮನೆ ಸಿಗಲಿ, ಅದು ನ್ಯಾಯ. ಚಾಳು ಉಳಿಯಲಿ ಎನ್ನುವ ಹಕ್ಕು ದೂರದಿಂದ ನೋಡಹೋಗುವ ನಮಗಿಲ್ಲ. ಕಟ್ಟಡದೊಂದಿಗೆ ನೆನಪೂ ಮಣ್ಣಾಗದಂತೆ ನೋಡಿಕೊಳ್ಳುವುದಷ್ಟೇ ನಮ್ಮ ಕೆಲಸ.

ಇಷ್ಟಕ್ಕೂ ಇದನ್ನೆಲ್ಲ ತಿಳಿದು ಆಗಬೇಕಾದ್ದೇನು ಎಂದು ನೀವು ಕೇಳಬಹುದು. ಮನೆತನದ ಕತೆಯನ್ನು ನಾವು ಹೇಳುವಾಗ ಬೆವರಿನ ಭಾಗವನ್ನು ಕತ್ತರಿಸಿಬಿಡುತ್ತೇವೆ. ಲೋಟ ತೊಳೆದ ವರ್ಷಗಳು ಮಾಯವಾಗಿ ‘ಹೋಟೆಲಿತ್ತು’ ಎಂಬುದಷ್ಟೇ ಉಳಿಯುತ್ತದೆ. ಕತೆ ಹಾಗೆ ನುಣುಪಾದಷ್ಟೂ, ನಾವು ಕೂತ ಮೇಜನ್ನು ಇಂದು ಒರೆಸುತ್ತಿರುವ ಹುಡುಗ ನಮಗೆ ಅಪರಿಚಿತನಾಗುತ್ತಾನೆ. ಇವತ್ತು ನಮ್ಮ ಉಡುಪಿ, ಮಂಗಳೂರು, ಬೆಂಗಳೂರಿನ ಹೋಟೆಲುಗಳಲ್ಲಿ ಒಡಿಶಾದ, ಅಸ್ಸಾಮಿನ, ನೇಪಾಳದ ಹುಡುಗರಿದ್ದಾರೆ. ಅವರೂ ಊರಿಗೆ ದುಡ್ಡು ಕಳಿಸುತ್ತಾರೆ, ಫೋನಿನಲ್ಲಿ ಒಂದು ಬೆರಳೊತ್ತಿ. ನನ್ನ ಅಜ್ಜಯ್ಯನ ಮನಿಯಾರ್ಡರಿನಂತೆ ಎರಡು ಸಾಲಿನ ಕಾಗದ ಅವರ ಮೊಮ್ಮಕ್ಕಳಿಗೆ ಸಿಗಲಾರದು. ಈ ಊರಿನಲ್ಲಿ ನಮ್ಮ ಅಜ್ಜ ದುಡಿದಿದ್ದ ಎಂದು ನಾಳೆ ಯಾರಾದರೂ ಹುಡುಕಿ ಬಂದರೆ, ಅವನನ್ನು ಹೆಸರು ಹಿಡಿದು ಕರೆದವರು, ಕೂರಿಸಿ ಊರು ಕೇಳಿದವರು ಯಾರಾದರೂ ಇಲ್ಲಿರಬೇಡವೇ?

ಹಾಗಾಗಿ ಎರಡು ಕೆಲಸ. ಮನೆಯಲ್ಲಿ ಪರವೂರಿನಲ್ಲಿ ದುಡಿದು ಬಂದ ಹಿರಿಯರಿದ್ದರೆ ಇವತ್ತೇ ಕೂತು ಕೇಳಿ: ಯಾವ ಬೀದಿ, ಯಾರ ಹೋಟೆಲು, ಮೊದಲ ಸಂಬಳ ಎಷ್ಟು, ಎಲ್ಲಿ ಮಲಗುತ್ತಿದ್ದಿರಿ. ಕೇಳಿದ್ದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಮತ್ತೆ, ಹೊರಗೆ ಹೋಗಿ ಕಾಫಿ ಕುಡಿಯುವಾಗ ಲೋಟ ತಂದಿಟ್ಟ ಹುಡುಗನನ್ನು ಅವನ ಹೆಸರೇನು, ಊರು ಯಾವುದು ಎಂದು ಕೇಳಿ. ಅವನು ಹೇಳಿದ್ದನ್ನು ಮರೆಯಬೇಡಿ.