ದೂರಿನ ಸಂಖ್ಯೆ ಬರೆದಿಡಿ



ಮನೆಯ ಇಂಟರ್ನೆಟ್ ನಿಂತು ವಾರವಾಯಿತು. ಮಗಳ ಕಾಲೇಜು ಅರ್ಜಿಗೆ ಕಡೇ ದಿನ ಹತ್ತಿರ. ಕಂಪನಿಗೆ ಫೋನು ಮಾಡಿದರೆ "ಒಂದು ಒತ್ತಿ, ಎರಡು ಒತ್ತಿ" ಅನ್ನುತ್ತದೆ. ಮನುಷ್ಯ ಸಿಕ್ಕರೂ "ನಾಳೆ ಬರ್ತಾರೆ" ಅಂತಾನೆ. ಬೈದರೆ ನಮ್ಮ ಬಾಯಿ ಒಣಗೀತು, ಅಷ್ಟೆ.

ಮಂಡಿಯಲ್ಲಿ ತೂಕದ ಚೀಟಿ ಬಿಡದೆ ಇಸಕೊಳ್ಳುತ್ತೀರಲ್ಲವೆ? ಹಾಗೆಯೇ ದೂರಿನ ಸಂಖ್ಯೆಯನ್ನೂ, ಸರಿಪಡಿಸುವ ಗಡುವನ್ನೂ ಕೇಳಿ, ಕ್ಯಾಲೆಂಡರಿನ ಮೇಲೆ ಬರೆದಿಡಿ. ಗಡುವು ಮೀರಿತೋ, 30 ದಿನದೊಳಗೆ ಅದೇ ಸಂಖ್ಯೆ ಕಾಣಿಸಿ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯಿರಿ. 2012ರ ನಿಯಮದಂತೆ ಇದಕ್ಕೆ ಶುಲ್ಕವಿಲ್ಲ. 39 ದಿನದಲ್ಲಿ ತೀರ್ಮಾನವಾಗಬೇಕು. ಅಲ್ಲೂ ನ್ಯಾಯ ಸಿಗದಿದ್ದರೆ 1915, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಇದ್ದೇ ಇದೆ.

ಆಡಿದ್ದು ಗಾಳಿಗೆ ಹೋದೀತು. ಬರೆದಿಟ್ಟದ್ದು ಕೈಯಲ್ಲಿ ಉಳಿದೀತು.